ಮೂಗಿನ ಎಣಿಕೆ

ಇದು ನಡೆದದ್ದು ನವರಾತ್ರಿ ಕಳೆದ ಮೊದಲ ಸೋಮವಾರ, ಊಟದ ಹೊತ್ತಿನಿಂದ ಸೂರ್ಯ ಮುಳುಗುವವರೆಗೆ.

ಆ ಊರಿಗೆ ಗೋಡೆಯಿತ್ತು, ಗೋಡೆಗೆ ಒಂದೇ ಬಾಗಿಲು. ಬಾಗಿಲಿಗೆ ಬರುವ ದಾರಿ ಉಪ್ಪು ಬಿಳಿಚಿದ ಬಯಲಿನ ಮೇಲೆ ಹಾದುಬರುತ್ತಿತ್ತು. ನಡೆದು ಬಂದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಗಾಡಿಯಲ್ಲೇ ಬರಬೇಕು. ಬಂದವರನ್ನು ಎರಡು ಸಲ ಎಣಿಸುತ್ತಿದ್ದರು, ಒಮ್ಮೆ ಕಣ್ಣಿನಿಂದ, ಒಮ್ಮೆ ಮೂಗಿನಿಂದ.

ಎಣಿಸುವವನು ಗಾಜಿನೊಳಗೆ ನೋಡಿ, ತುಟಿ ಬಿಚ್ಚದೆ, ಬೆರಳೆತ್ತಿ ನಿಲ್ಲುತ್ತಿದ್ದ. ಆಮೇಲೆ ಮೂಸುವವನು ಬರುತ್ತಿದ್ದ. ಅವನ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಅವನು ಕಿಟಕಿಯೊಳಗೆ ತಲೆ ತೂರಿಸಿ, ಒಂದು ಉಸಿರು ಎಳೆದು, ಒಂದು ಸಂಖ್ಯೆ ಹೇಳುತ್ತಿದ್ದ. ಬೆರಳೂ ಸಂಖ್ಯೆಯೂ ಹೊಂದಿದರೆ ಬಾಗಿಲು ತೆರೆಯುತ್ತಿತ್ತು. ಹೊಂದದಿದ್ದರೆ ಆ ಗಾಡಿಯೂ ಅದರಲ್ಲಿದ್ದವರೂ ಒಂದು ವರ್ಷ ಬಾಗಿಲ ಹತ್ತಿರ ಸುಳಿಯುವಂತಿರಲಿಲ್ಲ. ಗಾಡಿಯಲ್ಲಿ ಇಲ್ಲದವರ ವಾಸನೆ ಊರೊಳಗೆ ಬರಕೂಡದು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಸಂಜೆಯಾದರೆ ಯಾಕೆ ಕತ್ತಲಾಗುತ್ತದೆ ಎಂದು ಯಾರು ಕೇಳುತ್ತಾರೆ?

ಬಾಗಿಲಿನಿಂದ ಸ್ವಲ್ಪ ದೂರ, ಒಂದು ಜಾಲಿಮರದ ಪಕ್ಕದಲ್ಲಿ, ತಗಡು ಹೊದಿಸಿದ ಗುಡಿಸಲಿತ್ತು. ಅಲ್ಲಿ ಗಾಳಿ ತೊಳೆಯುವವನು ಇರುತ್ತಿದ್ದ. ಇನ್ನೂ ಚಿಕ್ಕ ವಯಸ್ಸು. ರಸಾಯನಶಾಸ್ತ್ರ ಓದಿದ್ದ. ಅವನ ಬಳಿ ವಾಸನೆ ಸುಡುವ ಓಝೋನ್ ಅನಿಲ ಮಾಡುವ ಒಂದು ಪೆಟ್ಟಿಗೆಯಿತ್ತು. ಬಳಸಿದ ಗಾಡಿ ಕೊಂಡವರು, ಸತ್ತವರ ಗಾಡಿ ಓಡಿಸುವವರು, ಜಗಳವಾಡಿ ಬೇರೆಯಾದವರು, ಎಲ್ಲರೂ ಮೊದಲು ಅವನ ಬಳಿಗೆ ಬಂದು ಆಮೇಲೆ ಬಾಗಿಲಿಗೆ ಹೋಗುತ್ತಿದ್ದರು.

ಆ ಸೋಮವಾರ ಊಟಕ್ಕೆ ಕೂತಿದ್ದಾಗ ಒಂದು ಹಳೆಯ ಕಾರು ದೂಳೆಬ್ಬಿಸಿಕೊಂಡು ಬಂದು ನಿಂತಿತು. ಓಡಿಸಿಕೊಂಡು ಬಂದವಳು ನಡುವಯಸ್ಸು ದಾಟಿದ ಹೆಂಗಸು. ಪಕ್ಕದಲ್ಲಿ ಅವಳ ಅತ್ತೆ, ಹಣ್ಣುಹಣ್ಣು ಮುದುಕಿ.

"ಊಟ ಆಮೇಲೆ ಮಾಡು ತಮ್ಮಾ," ಎಂದಳು ಹೆಂಗಸು. "ಮೊದಲು ಇದನ್ನು ತೊಳೆದುಕೊಡು."

ಅವನು ಕೈ ತೊಳೆದುಕೊಂಡು ಬಂದು ಹಿಂದಿನ ಬಾಗಿಲು ತೆರೆದ. ನಶ್ಯ. ಅದರ ಕೆಳಗೆ ಬೆವರು, ಬೆವರಿನ ಕೆಳಗೆ ಕೊಬ್ಬರಿ ಎಣ್ಣೆ. ಒಬ್ಬ ಗಂಡಸು ವರ್ಷಾನುಗಟ್ಟಲೆ ಕೂತ ವಾಸನೆ.

"ಯಾರದು?"

"ನಮ್ಮೆಜಮಾನ್ರು. ಹೋಗಿ ಹತ್ತಿರ ಹತ್ತಿರ ವರ್ಷವಾಯ್ತು."

"ಎಲ್ಲೂ ಹೋಗಿಲ್ಲ," ಎಂದಳು ಮುದುಕಿ ಒಳಗಿನಿಂದ. "ಇಲ್ಲೇ ಇದ್ದಾನೆ. ಮೂಗಿದ್ದವರಿಗೆ ಗೊತ್ತಾಗುತ್ತೆ."

"ಅತ್ತೆ, ಸುಮ್ನಿರಿ." ಹೆಂಗಸು ಅವನ ಕಡೆ ತಿರುಗಿದಳು. "ಒಳಗೆ ಆಸ್ಪತ್ರೆಯಲ್ಲಿ ನನ್ನ ಮಗಳು ಮಲಗಿದ್ದಾಳೆ. ಚೊಚ್ಚಲು. ಮಗು ಅಡ್ಡ ತಿರುಗಿದೆಯಂತೆ. ರಾತ್ರಿ ಹೊಟ್ಟೆ ಕೊಯ್ದು ತೆಗೆಯಬೇಕು, ರಕ್ತ ಕೈಯಲ್ಲಿಲ್ಲದೆ ಕತ್ತಿ ಹಿಡಿಯೋದಿಲ್ಲ ಅಂತ ಡಾಕ್ಟರಮ್ಮ ಹೇಳಿ ಕಳಿಸಿದ್ದಾರೆ. ಅವಳ ರಕ್ತ ಸಿಕ್ಕಸಿಕ್ಕವರದ್ದು ಹೊಂದೋ ಜಾತಿಯದಲ್ಲ. ನನ್ನದು ಹೊಂದುತ್ತೆ. ಬಾಗಿಲು ಮುಚ್ಚೋದರೊಳಗೆ ನಾನು ಆ ಕಡೆ ಇರಬೇಕು."

ಅವನು ಗೋಡೆಯ ಕಡೆ ನೋಡಿದ. ಸೂರ್ಯ ಇನ್ನೂ ಮೇಲಿದ್ದ. ಸೂರ್ಯ ಗೋಡೆಗೆ ತಾಗಿದರೆ ಬಾಗಿಲು ಮುಚ್ಚುತ್ತದೆ.

"ನಾನು ಬೇಕಾದ್ರೆ ಇಲ್ಲೇ ಇಳೀತೀನಪ್ಪ," ಎಂದಳು ಮುದುಕಿ. "ಒಬ್ಬಳು ಕಡಿಮೆ ಆಗಲಿ."

"ನೀವು ಇಳಿದರೆ ನಿಮ್ಮ ವಾಸನೆ ಇಳಿಯೋದಿಲ್ಲ ಅಜ್ಜಿ. ಆಗ ಲೆಕ್ಕಕ್ಕೆ ಇಬ್ಬರು ಜಾಸ್ತಿ. ನೀವು ಹೋಗಲೇಬೇಕು."

"ನೋಡಿದೆಯೇನೇ? ನಾನು ಬೇಕಂತೆ," ಎಂದು ಮುದುಕಿ ಸೊಸೆಯನ್ನು ಚುಚ್ಚಿದಳು. ಕೆಳಗಿಳಿಯುವಾಗ ಅವನ ತೋಳು ಹಿಡಿದುಕೊಂಡವಳು ಹಾಗೇ ನಿಂತಳು. ಅವನ ಅಂಗಿಗೆ ಮೂಗು ತಂದಳು. "ಅಯ್ಯೋ! ನಿನಗೆ ವಾಸನೆಯೇ ಇಲ್ಲವಲ್ಲೋ ಮಗಾ? ಹಸುಗೂಸಿಗೂ ಇರುತ್ತೆ."

"ಇಲ್ಲ ಅಜ್ಜಿ," ಎಂದ.

ಪೆಟ್ಟಿಗೆಯ ಪಕ್ಕದಲ್ಲಿ ಬದುಕಿ ಬದುಕಿ ಅವನ ಮೈಯ ವಾಸನೆ ಹೋಗಿಬಿಟ್ಟಿತ್ತು. ಒಮ್ಮೆ ಒಂದು ಲಾರಿ ಹತ್ತಿ ಅವನೂ ಬಾಗಿಲಿಗೆ ಹೋಗಿದ್ದ. ಎಣಿಸುವವನು ಎರಡು ಬೆರಳೆತ್ತಿದ. ಮೂಸುವವನು ಒಂದು ಎಂದ. ಬಾಗಿಲಿನವರು ಬಿದ್ದು ಬಿದ್ದು ನಕ್ಕಿದ್ದರು. ಲಾರಿಯವನು ವರ್ಷವಿಡೀ ಹೊರಗೆ ಅಲೆದು ಅವನ ವಂಶಕ್ಕೆಲ್ಲ ಬೈದಿದ್ದ. ಆಮೇಲೆ ಗಾಳಿ ತೊಳೆಯುವವನು ಯಾರ ಗಾಡಿಯನ್ನೂ ಹತ್ತಿರಲಿಲ್ಲ. ಅವನು ಹುಟ್ಟಿದ್ದು ಗೋಡೆಯ ಒಳಗೆ.

ಕೆಲಸಕ್ಕೆ ಒಂದು ಕ್ರಮವಿತ್ತು. ಅವನು ಕ್ರಮ ಬಿಡುವವನಲ್ಲ. ಮೊದಲು ಕಾಲಡಿಯ ಚಾಪೆಗಳನ್ನು ತೆಗೆದು ಬಿಸಿಲಿಗೆ ಹಾಕಿದ. ಸೀಟಿನ ಸಂದುಗಳಲ್ಲಿ ಬೆರಳಾಡಿಸಿದ. ಕೊಳೆಯ ಮೂಲ ಒಳಗೇ ಇದ್ದರೆ ಓಝೋನ್ ಏನೂ ಮಾಡಲಾರದು. ಒಂದು ಸೀಗೆಕಾಯಿ, ಒಣಗಿದ ಮಲ್ಲಿಗೆ ದಾರ, ನಶ್ಯದ ಪುಡಿ ಸಿಕ್ಕವು. ಪುಡಿಯನ್ನು ದೂಳೆಳೆಯುವ ಯಂತ್ರದಿಂದ ಎಳೆದ. ಸೀಟು, ಚಾವಣಿ, ಬಾಗಿಲಿನ ಕೈಹಿಡಿ, ಎಲ್ಲವನ್ನೂ ಸೋಪಿನ ನೀರಿನಲ್ಲಿ ಒರೆಸಿದ. ಏಸಿಯ ಗಾಳಿ ಸೋಸುವ ಜಾಲರಿಯನ್ನು ಕಿತ್ತು ಎಸೆದ. ಎಂಜಿನ್ ಶುರು ಮಾಡಿ, ಒಳಗಿನ ಗಾಳಿಯೇ ಒಳಗೆ ಸುತ್ತುವಂತೆ ಏಸಿ ತಿರುಗಿಸಿದ. ಪೆಟ್ಟಿಗೆಯನ್ನು ಮುಂದೆ ಎತ್ತರದಲ್ಲಿಟ್ಟು, ತಂತಿ ಹೊರಬರುವ ಕಿಟಕಿಯ ಬಿರುಕಿಗೆ ಟೇಪು ಅಂಟಿಸಿದ. ಬಾಗಿಲುಗಳನ್ನು ಮುಚ್ಚಿದ.

"ಇನ್ನು ಇದರೊಳಗೆ ಜೀವ ಇರೋ ಯಾವುದೂ ಇರಬಾರದು. ಇರುವೆ ಕೂಡ. ಎದೆ ಸುಟ್ಟುಹೋಗುತ್ತೆ," ಎಂದು ಹೇಳಿ ಗುಂಡಿ ಒತ್ತಿದ.

ಪೆಟ್ಟಿಗೆ ಜೇನಿನಂತೆ ಗುಂಯ್ ಎಂದಿತು. ಗಾಜುಗಳ ಹಿಂದೆ ಏನೂ ಕಾಣಿಸಲಿಲ್ಲ.

ಹೆಂಗಸೂ ಮುದುಕಿಯೂ ಜಾಲಿಮರದ ಕೆಳಗೆ ಕೂತರು. ಮುದುಕಿ ಕಾರಿನಿಂದ ಕಣ್ಣು ತೆಗೆಯಲಿಲ್ಲ.

"ಒಳಗೆ ಏನು ಮಾಡ್ತಿದೆ ಅದು?"

"ನಾವು ಉಸಿರಾಡೋ ಗಾಳಿಯ ಕಣಗಳು ಜೋಡಿ ಜೋಡಿಯಾಗಿರ್ತವೆ ಅಜ್ಜಿ. ಈ ಪೆಟ್ಟಿಗೆ ಆ ಜೋಡಿಗೆ ಇನ್ನೊಂದನ್ನು ಅಂಟಿಸುತ್ತೆ. ಆ ಹೆಚ್ಚಿನದಕ್ಕೆ ಅಲ್ಲಿ ಜಾಗ ಇರೋದಿಲ್ಲ. ಹಾರಿ ಹೋಗಿ ಸಿಕ್ಕಿದ ವಾಸನೆಗೆ ಅಂಟಿಕೊಳ್ಳುತ್ತೆ, ಅದನ್ನು ಸುಡುತ್ತೆ, ತಾನೂ ಮುಗಿಯುತ್ತೆ."

"ಸುಡುತ್ತೆ," ಎಂದಳು ಮುದುಕಿ. "ಒಂದು ಸಲ ಸುಟ್ಟು ಬಂದಿದ್ದೀವಲ್ಲ. ಸಾಲದಾಯ್ತೇ?"

ಹೊತ್ತಾದ ಮೇಲೆ ಅವನು ಪೆಟ್ಟಿಗೆ ಆರಿಸಿ, ಉಸಿರು ಬಿಗಿಹಿಡಿದು ಬಾಗಿಲುಗಳನ್ನೆಲ್ಲ ತೆರೆದ. ಸಿಡಿಲು ಬಡಿದ ಮೇಲೆ ಬರುವಂಥ ಚುರುಕು ವಾಸನೆ ಹೊರಗೆ ಬಂತು. ಅದು ಆರುವವರೆಗೆ ಕಾದ. ಆಮೇಲೆ ಬಗ್ಗಿ ಸೀಟಿಗೆ ಮೂಗು ಒತ್ತಿದ.

ನಶ್ಯ.

ಮೊದಲಿಗಿಂತ ತೆಳುವಾಗಿತ್ತು, ಆದರೆ ಇತ್ತು. ಸೀಟಿನ ಸ್ಪಂಜಿನ ತಳದಿಂದ ಮೆಲ್ಲಗೆ ಏರಿ ಬರುತ್ತಿತ್ತು.

"ಹೋಯ್ತಾ?" ಎಂದಳು ಹೆಂಗಸು.

"ಇಲ್ಲ."

"ನಮ್ಮೆಜಮಾನ್ರು ಬದುಕಿದ್ದಾಗಲೂ ಹಾಗೇ. ಎದ್ದು ಹೋಗಿ ಅಂದ್ರೆ ಇನ್ನಷ್ಟು ಗಟ್ಟಿಯಾಗಿ ಕೂರೋರು." ಅವಳು ನಗಲು ನೋಡಿದಳು, ಆಗಲಿಲ್ಲ. "ಇನ್ನೊಂದು ಸಲ ಹಾಕು ತಮ್ಮಾ. ಹೊತ್ತಿದೆಯಾ?"

ಸೂರ್ಯ ಗೋಡೆಯ ಕಡೆ ವಾಲಿದ್ದ. "ಒಂದು ಸಲಕ್ಕೆ ಇದೆ," ಎಂದ. "ಒಂದೇ ಸಲಕ್ಕೆ."

ಮತ್ತೆ ಎಂಜಿನ್. ಮತ್ತೆ ಟೇಪು. ತಂತಿಯ ಒಂದು ಕೊನೆ ಕಿತ್ತುಬಂದಿತ್ತು, ಅದನ್ನು ಸರಿಮಾಡಲು ಅವನು ಗುಡಿಸಲೊಳಗೆ ಹೋದ. ಹೆಂಗಸು ಚಾಪೆಗಳನ್ನು ಕೊಡವುತ್ತಿದ್ದಳು. ಬಂದು ಬಾಗಿಲುಗಳನ್ನು ಕೈಯಿಂದ ಒತ್ತಿ ನೋಡಿದ. ಎಲ್ಲ ಮುಚ್ಚಿದ್ದವು. ಗುಂಡಿ ಒತ್ತಿದ. ಪೆಟ್ಟಿಗೆ ಗುಂಯ್ ಎಂದಿತು.

ಅವನಿಗೆ ಎಣಿಸುವ ಚಾಳಿಯಿತ್ತು. ಬಾಗಿಲ ಬಳಿ ಬದುಕುವವರಿಗೆಲ್ಲ ಇರುತ್ತದೆ. ಜಾಲಿಮರದ ಕೆಳಗೆ ನೋಡಿದ. ಒಂದು.

"ಅಜ್ಜಿ ಎಲ್ಲಿ?"

"ಗುಡಿಸಲ ಹಿಂದೆ ಹೋಗಿರಬೇಕು, ಬಚ್ಚಲಿಗೆ."

ಗುಡಿಸಲ ಹಿಂದೆ ಬಯಲು. ಬಯಲಿನಲ್ಲಿ ಯಾರೂ ಇರಲಿಲ್ಲ.

ಆಗ ಕೆಮ್ಮು ಕೇಳಿಸಿತು. ದೂರದ ಕೆಮ್ಮಿನಂತಿತ್ತು, ಆದರೆ ಹತ್ತಿರವೇ ಇತ್ತು. ಗಾಜಿನ ಹಿಂದೆ.

ಹೆಂಗಸಿಗೂ ಕೇಳಿಸಿತು. ಅವಳ ಕೈಯಿಂದ ಚಾಪೆ ಬಿತ್ತು. ಅವಳು ಕಾರನ್ನು ನೋಡಿದಳು, ಗೋಡೆಯನ್ನು ನೋಡಿದಳು, ಮತ್ತೆ ಕಾರನ್ನು ನೋಡಿದಳು. ಕಾರಿನ ಬಾಗಿಲು ತೆರೆದರೆ ಈ ತೊಳೆತವೂ ಹಾಳು, ಇನ್ನೊಂದಕ್ಕೆ ಹೊತ್ತಿಲ್ಲ. ಅವಳ ಬಾಯಿ ತೆರೆದುಕೊಂಡಿತು. ಏನು ಹೇಳಹೊರಟಿದ್ದಳೋ ಅವಳಿಗೂ ಗೊತ್ತಿರಲಿಲ್ಲ.

ಅವನು ಕೇಳಲು ನಿಲ್ಲಲಿಲ್ಲ. ತಂತಿ ಕಿತ್ತ. ಉಸಿರು ಕಟ್ಟಿ ಹಿಂದಿನ ಬಾಗಿಲು ಸೆಳೆದ. ಸೀಟುಗಳ ನಡುವಿನ ಕಾಲಡಿಯಲ್ಲಿ ಮುದುಕಿ ಬಟ್ಟೆಯ ಗಂಟಿನಂತೆ ಬಿದ್ದಿದ್ದಳು, ಮುಖ ಸೀಟಿಗೆ ಒತ್ತಿತ್ತು. ಕಂಕುಳಿಗೆ ಕೈಹಾಕಿ ಎಳೆದ. ಅವಳ ಸೀರೆ ಕೊಕ್ಕೆಗೆ ಸಿಕ್ಕಿತು. ಉಸಿರು ಬಿಡದೆ ಬೇರೆ ದಾರಿ ಇರಲಿಲ್ಲ. ಬಿಟ್ಟ, ಎಳೆದುಕೊಂಡ. ಎದೆಯಲ್ಲಿ ಗಾಜು ಒಡೆದಂತಾಯಿತು. ಸೀರೆ ಹರಿದು ಇಬ್ಬರೂ ಹೊರಗೆ ಬಿದ್ದರು.

ಹೆಂಗಸು ಓಡಿಬಂದು ಅತ್ತೆಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ನೀರು ಚಿಮುಕಿಸಿದಳು. ಮುದುಕಿ ಕೆಮ್ಮಿದಳು, ಕೆಮ್ಮಿದಳು, ಕಣ್ಣು ಬಿಟ್ಟಳು.

"ಏನು ಮಾಡಿಕೊಂಡಿರಿ ಅತ್ತೆ? ಏನು ಮಾಡಿಕೊಂಡಿರಿ?"

"ಬೈಬೇಡ ಕಣೇ." ಮುದುಕಿ ತಡೆದು ತಡೆದು ಮಾತಾಡಿದಳು. "ಸುಡೋದು ಬೇಡ ಅನ್ನಿಸ್ತು. ಒಂಬತ್ತು ತಿಂಗಳು ಒಳಗಿಟ್ಟುಕೊಂಡಿದ್ದೆ. ಮತ್ತೆ ಒಳಗೆ ಎಳ್ಕೊಂಡುಬಿಟ್ರೆ ಆಯ್ತು ಅಂದುಕೊಂಡೆ. ಕಾರಲ್ಲೂ ಇರಲ್ಲ, ನನಗೂ ಉಳೀತಾನೆ. ನಿನ್ನ ಲೆಕ್ಕವೂ ಸರಿಹೋಗುತ್ತೆ."

ಸೊಸೆ ಅವಳ ಹಣೆ ಒರೆಸಿದಳು. ಒರೆಸುತ್ತಲೇ ಇದ್ದಳು.

ಗಾಳಿ ತೊಳೆಯುವವನು ಎದ್ದ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಸೀಟಿಗೆ ಮೂಗು ಒತ್ತಿದ. ಓಝೋನಿನ ಚುರುಕಿನ ಅಡಿಯಲ್ಲಿ, ಎಳೆಯಷ್ಟು, ನಶ್ಯ. ಗೋಡೆಗೂ ಸೂರ್ಯನಿಗೂ ನಡುವೆ ಒಂದು ಗೇಣು ಉಳಿದಿತ್ತು.

"ಅಕ್ಕಾ," ಎಂದ. "ಅವರು ಇನ್ನೂ ಇದ್ದಾರೆ."

ಹೆಂಗಸು ತಲೆ ತಗ್ಗಿಸಿದಳು. "ಹಾಗಾದರೆ ಮುಗೀತು."

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಮೂಗಿಗೆ ಸಿಕ್ಕಿ ಕಣ್ಣಿಗೆ ಸಿಗದವನು ಒಬ್ಬ, ಕಾರಿನಲ್ಲಿ. ಕಣ್ಣಿಗೆ ಸಿಕ್ಕಿ ಮೂಗಿಗೆ ಸಿಗದವನು ಒಬ್ಬ, ಇಲ್ಲಿ, ನಿಂತಿದ್ದಾನೆ. ಇಷ್ಟು ವರ್ಷ ಇಷ್ಟು ಸುಲಭದ ಲೆಕ್ಕ ಹೊಳೆದಿರಲಿಲ್ಲ. ಯಾಕೆಂದರೆ ಸತ್ತವರನ್ನು ಉಳಿಸಿಕೊಡಿ ಎಂದು ಯಾರೂ ಅವನ ಬಳಿಗೆ ಬಂದಿರಲಿಲ್ಲ.

"ಮುಗಿದಿಲ್ಲ," ಎಂದ. "ನಾನೂ ಬರ್ತೀನಿ. ಅವರ ವಾಸನೆಗೆ ನನ್ನ ಮೈ. ಮೂಗಿಗೂ ಮೂವರು, ಕಣ್ಣಿಗೂ ಮೂವರು."

ಹೆಂಗಸು ಅವನನ್ನೇ ನೋಡಿದಳು. "ತಪ್ಪಿದರೆ?"

"ತಪ್ಪಿದರೆ ವರ್ಷ ಹೊರಗೆ. ನನಗೆ ಅದು ಹೊಸದಲ್ಲ. ನಿಮಗೆ..."

"ಕಾರು ಹತ್ತು," ಎಂದಳು ಅವಳು.

ಮುದುಕಿಯನ್ನು ಹಿಂದೆ ಮಲಗಿಸಿದರು. ಅವನು ಪೆಟ್ಟಿಗೆಯನ್ನು ಕೆಳಗಿಳಿಸಿ ಮುಂದೆ ಕೂತ. ಹೆಂಗಸು ಕಿಟಕಿ ಇಳಿಸಹೋದಳು, ಓಝೋನಿಗೆ ಕಣ್ಣುರಿಯುತ್ತಿತ್ತು.

"ಬೇಡ!" ಎಂದ ಅವನು. "ಮುಚ್ಚಿ. ಸ್ಪಂಜಿನೊಳಗೆ ಇನ್ನೂ ಓಝೋನ್ ಇದೆ. ಅದು ಸುಡುತ್ತಲೇ ಇದೆ. ಗಾಳಿ ಆಡಿದರೆ ಅವರೂ ಹೋಗಿಬಿಡಬಹುದು."

ಮಧ್ಯಾಹ್ನದಿಂದ ಯಾರನ್ನು ಹೊರಗಟ್ಟಲು ಹೆಣಗಿದ್ದರೋ ಅವನನ್ನು ಈಗ ಹಿಡಿದಿಡಬೇಕಾಗಿತ್ತು. ಹೆಂಗಸು ಗಾಜು ಏರಿಸಿದಳು. ಎಲ್ಲರೂ ಸೆರಗು, ಅಂಗಿಯ ತುದಿ ಮೂಗಿಗೆ ಹಿಡಿದು ಸಣ್ಣಗೆ ಉಸಿರಾಡಿದರು. ಕಾರು ಉಪ್ಪಿನ ಬಯಲಿನ ಮೇಲೆ ಹೊರಟಿತು.

"ಸ್ವಲ್ಪ ಹೊತ್ತು ಇರಪ್ಪಾ," ಎಂದಳು ಹಿಂದಿನಿಂದ ಮುದುಕಿ, ಸೀಟಿನ ಬೆನ್ನು ಸವರುತ್ತ. "ಬಾಗಿಲು ದಾಟೋವರೆಗೆ. ಆಮೇಲೆ ನಿನ್ನಿಷ್ಟ."

"ರೀ," ಎಂದಳು ಹೆಂಗಸು, ರಸ್ತೆ ನೋಡುತ್ತ. "ಮಗಳಿಗೋಸ್ಕರ." ಅಷ್ಟೇ ಹೇಳಿದಳು.

ಅರ್ಧ ದಾರಿಯಲ್ಲಿ ಅವನು ಮುಖ ತಿರುಗಿಸಿ ಸೀಟು ಮೂಸಿದ. ಏನೂ ಸಿಗಲಿಲ್ಲ. ಓಝೋನ್ ಎಳೆದುಕೊಂಡ ಮೂಗು ಉರಿಯುತ್ತಿತ್ತು. ಅದರ ಮಾತು ನಂಬುವಂತಿರಲಿಲ್ಲ. ಆತ ಹೋಗಿಬಿಟ್ಟಿದ್ದರೆ ಮೂಸುವವನು ಎರಡು ಎನ್ನುತ್ತಾನೆ.

ಆಗ ಇನ್ನೊಂದು ಹೆದರಿಕೆ ಹುಟ್ಟಿತು. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಮುದುಕಿಯನ್ನು ಎಳೆಯುವಾಗ ಬೆವರಿದ್ದ. ಹಾಗೆ ಬೆವರಿ ಎಷ್ಟು ಕಾಲವಾಗಿತ್ತೋ. ತೋಳನ್ನು ಮೂಗಿಗೆ ಹಿಡಿದ. ತನ್ನ ವಾಸನೆ ತನಗೆ ಹೇಗೆ ತಿಳಿಯಬೇಕು? ಆತನೂ ಉಳಿದಿದ್ದು, ತನಗೂ ವಾಸನೆ ಮರಳಿದ್ದರೆ ಮೂಸುವವನು ನಾಲ್ಕು ಎನ್ನುತ್ತಾನೆ.

ಅವನು ಇದನ್ನು ಹೆಂಗಸಿಗೆ ಹೇಳಿದ. ಅಡಗಿಸಿಡುವುದು ಅವನಿಗೆ ಬಾರದು.

"ಈಗ ಹೇಳ್ತೀಯಲ್ಲ," ಎಂದಳು. ಕಾರು ನಿಲ್ಲಿಸಲಿಲ್ಲ.

ಬಾಗಿಲಿನವರು ಆಗಲೇ ಅಗುಳಿ ಕೈಗೆತ್ತಿಕೊಂಡಿದ್ದರು. ಸೂರ್ಯನ ಕೆಳ ಅಂಚು ಗೋಡೆಗೆ ಕೂದಲೆಳೆಯಷ್ಟು ಮೇಲಿತ್ತು.

"ಏಯ್, ಇವತ್ತಿಗೆ ಇದೇ ಕೊನೆ," ಎಂದ ಅವರಲ್ಲೊಬ್ಬ. ಎಣಿಸುವವನು ಬಂದ. ಗಾಜಿನೊಳಗೆ ನೋಡಿ ಅವನ ಹುಬ್ಬು ಮೇಲೇರಿತು. ಗಾಳಿ ತೊಳೆಯುವವನ ಗುರುತು ಅವನಿಗಿತ್ತು. ಹಲ್ಲು ಕಿರಿದ. ಹೆಂಗಸಿನ ಕಡೆ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದ. ಆದರೆ ಎಣಿಸುವವನು ಮಾತಾಡುವಂತಿಲ್ಲ. ಬೆರಳೆತ್ತಿದ. ಮೂರು.

ಮೂಸುವವನನ್ನು ಕೈಹಿಡಿದು ಕರೆತಂದರು. ವಯಸ್ಸಾದವನು, ಕಣ್ಣಿಗೆ ಬಿಳಿ ಬಟ್ಟೆ. "ಇಳಿಸಿ," ಎಂದ. ಹೆಂಗಸು ಗಾಜು ಇಳಿಸಿದಳು. ಅವನು ತಲೆ ತೂರಿಸಿದ.

"ಥೂ, ಸಿಡಿಲು ಹೊಡೆದ ಹಾಗಿದೆಯಲ್ರೀ ಇದು! ಆ ತೊಳೆಯೋನು ಡ್ರಮ್ಮುಗಟ್ಟಲೆ ಸುರಿದನೇನು?"

ಅವನು ಉಸಿರು ಎಳೆದ.

ಪದ್ಧತಿಯ ಪ್ರಕಾರ ಒಂದೇ ಉಸಿರು. ಒಂದು ಮುಗಿಯಿತು. ಅವನು ಸಂಖ್ಯೆ ಹೇಳಲಿಲ್ಲ. ತಲೆ ಇನ್ನಷ್ಟು ಒಳಗೆ ಬಂತು. ಹೆಂಗಸಿನ ಕೆನ್ನೆಯ ಬಳಿ ಹಾದು ಹಿಂದಿನ ಸೀಟಿನ ಕಡೆ ತಿರುಗಿತು, ಮುದುಕಿಯ ಕಡೆ, ಅವಳ ಕೈ ಸವರುತ್ತಿದ್ದ ಬಟ್ಟೆಯ ಕಡೆ. ಆಮೇಲೆ ಗಾಳಿ ತೊಳೆಯುವವನ ಕಡೆ. ಅಲ್ಲಿ ನಿಂತಿತು. ಬಿಳಿ ಬಟ್ಟೆ ಅವನ ಮುಖಕ್ಕೆ ತಾಗುವಷ್ಟು ಹತ್ತಿರವಿತ್ತು. ಗಾಳಿ ತೊಳೆಯುವವನು ಉಸಿರು ಕಟ್ಟಿದ. ಹಿಂದೆ ಮುದುಕಿಯ ಕೆಮ್ಮು ಗಂಟಲಲ್ಲೇ ನಿಂತಿತ್ತು. ಅಗುಳಿ ಹಿಡಿದವರು ಸೂರ್ಯನನ್ನು ನೋಡಿದರು.

ಮೂಸುವವನು ಎರಡನೆಯ ಉಸಿರು ಎಳೆದ.

"ಇಲ್ಲಿ ಒಬ್ಬ..." ಎಂದ. ನಿಲ್ಲಿಸಿದ. ಅವನಿಗೆ ಹೆಸರು ಹೇಳುವ ಅಧಿಕಾರವಿರಲಿಲ್ಲ, ಯಾರು ಯಾರು ಎಂದು ಬಿಡಿಸುವ ಅಧಿಕಾರವಿರಲಿಲ್ಲ, ಬದುಕಿದವರು ಸತ್ತವರು ಎಂದು ವಿಂಗಡಿಸುವ ಅಧಿಕಾರವಿರಲಿಲ್ಲ. ಅವನ ಪಾಲಿಗೆ ಇದ್ದದ್ದು ಸಂಖ್ಯೆ ಮಾತ್ರ. ಅವನು ತಲೆ ಹೊರಗೆಳೆದು, ನೆಟ್ಟಗೆ ನಿಂತು, ಬಾಗಿಲಿನವರ ಕಡೆ ಮುಖ ಮಾಡಿ ಎಣಿಕೆ ಹೇಳಿದ.

ಮೂರು.